ಎರಡನೇ ಲಿಫ್ಟರ್ ಕಂಡದ್ದು

ನನ್ನ ವೀಸಾದಲ್ಲಿ ‘ಸ್ಟೋರ್ ಅಸಿಸ್ಟೆಂಟ್’ ಎಂದಿತ್ತು. ಅಬುಧಾಬಿಯ ಆ ಕಂಪನಿ ನನ್ನನ್ನು ಕರೆಸಿಕೊಂಡದ್ದು ಮಾತ್ರ ವಾಲಿಬಾಲ್ ಆಡಲಿಕ್ಕೆ. ತಂಡದ ಹನ್ನೆರಡು ಜನರೂ ಹೀಗೆಯೇ ಬಂದವರು. ಕಾಗದದ ಮೇಲೆ ಒಬ್ಬ ಡ್ರೈವರ್, ಒಬ್ಬ ಟೈಪಿಸ್ಟ್, ಉಳಿದವರಲ್ಲಿ ಹೆಚ್ಚಿನವರು ಹೆಲ್ಪರ್‌ಗಳು. ಬೆಳಗ್ಗೆ ಏಳರಿಂದ ಒಂದರವರೆಗೆ ಕಾಗದದಲ್ಲಿದ್ದ ಕೆಲಸ, ಮೂರರಿಂದ ಆರರವರೆಗೆ ನಿಜವಾದ ಕೆಲಸ. 2014ರಲ್ಲಿ ನಾನು ಸೇರಿದಾಗ ಇದು ನನಗೆ ವಿಚಿತ್ರ ಅನಿಸಲಿಲ್ಲ. ಈ ವ್ಯವಸ್ಥೆ ಯಾರನ್ನು ಕಾಪಾಡುತ್ತದೆ, ಯಾರನ್ನು ಕೈಬಿಡುತ್ತದೆ ಎಂದು ಯೋಚಿಸುವ ವಯಸ್ಸೂ ಅದಲ್ಲ.

ನಾನು ಎರಡನೇ ಲಿಫ್ಟರ್. ಲಿಫ್ಟರ್ ಅಂದರೆ ಸ್ಮ್ಯಾಷ್ ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು. ತಂಡದ ಪ್ರತಿ ಎರಡನೇ ಮುಟ್ಟು ಅವನದು. ಯಾರು ಹೊಡೆಯಬೇಕು, ಎಷ್ಟು ಎತ್ತರದಲ್ಲಿ, ಯಾವ ಕಡೆಯಿಂದ ಎಂದು ನಿರ್ಧರಿಸುವವನೂ ಅವನೇ. ಅಂಥವನು ಅಂಕಣದಲ್ಲಿ ಒಬ್ಬನಿದ್ದರೆ ಸಾಕು. ಎರಡನೆಯವನು ಬೆಂಚಿನಲ್ಲಿ ಇರುತ್ತಾನೆ. ಮೊದಲಿಗನಿಗೆ ಏನಾದರೂ ಆದರೆ ಆಡಬೇಕು. ಏನೂ ಆಗದಿದ್ದರೆ ಕೂರಬೇಕು. ಎರಡು ವರ್ಷದಲ್ಲಿ ನಾನು ಅಂಕಣದೊಳಗೆ ಕಳೆದದ್ದು ಎಲ್ಲ ಸೇರಿಸಿದರೂ ಒಂದು ಪೂರ್ತಿ ಪಂದ್ಯದಷ್ಟಿರಲಿಲ್ಲ.

ಆದರೂ ತಯಾರಿಯಲ್ಲಿ ಒಂದು ದಿನವೂ ತಪ್ಪಿಸಿದವನಲ್ಲ. ನಮ್ಮ ಆರು ಸ್ಮ್ಯಾಷರ್‌ಗಳಲ್ಲಿ ಯಾರಿಗೆ ಚೆಂಡು ಬಲೆಯಿಂದ ಎಷ್ಟು ದೂರ ಬೇಕು, ಯಾರು ಸುಸ್ತಾದ ಮೇಲೆ ಅರ್ಧ ಹೆಜ್ಜೆ ತಡವಾಗಿ ಏಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಪಂದ್ಯದ ದಿನ ಎಲ್ಲರಂತೆ ಬೆರಳಿಗೆ ಟೇಪ್ ಸುತ್ತಿಕೊಳ್ಳುತ್ತಿದ್ದೆ. ಬೆಂಚಿನಲ್ಲಿ ಬೆರಳು ತಣ್ಣಗಾಗದಂತೆ ತೊಡೆಯ ಮೇಲೆ ಚೆಂಡು ಇಟ್ಟುಕೊಂಡು ತಟ್ಟುತ್ತ ಕೂರುತ್ತಿದ್ದೆ. ಸಂಜೆ ರೂಮಿಗೆ ಬಂದು, ಮುಟ್ಟಿದ ಗುರುತೂ ಇಲ್ಲದ ಟೇಪ್ ಬಿಚ್ಚುತ್ತಿದ್ದೆ.

ಅಭ್ಯಾಸದಲ್ಲಿ ನನ್ನ ಕೆಲಸವೇ ಬೇರೆ. ಮುಂದಿನ ಎದುರಾಳಿ ತಂಡದ ಲಿಫ್ಟರ್ ಹೇಗೆ ಆಡುತ್ತಾನೋ ಹಾಗೆ ಆಡಿ ತೋರಿಸುವುದು. ಒಂದು ವಾರ ಎಡಗೈಯವನಾಗುತ್ತಿದ್ದೆ, ಇನ್ನೊಂದು ವಾರ ಚೆಂಡನ್ನು ಯಾವಾಗಲೂ ಹಿಂದಕ್ಕೆ ಎತ್ತುವವನಾಗುತ್ತಿದ್ದೆ. ನನ್ನನ್ನು ತಡೆಯಲು ನಮ್ಮವರು ಕಲಿತರೆ ಪಂದ್ಯ ಗೆಲ್ಲುತ್ತಿದ್ದರು. ನನ್ನದೇ ಆಟ ಯಾವುದೆಂದು ಯಾರೂ ಕೇಳಲಿಲ್ಲ. ತಂಡದಲ್ಲಿ ನನ್ನ ಹೆಸರು ‘ಸ್ಟೆಪ್ನಿ’, ಗಾಡಿಯ ಬದಲಿ ಚಕ್ರ. ಬಸ್ ಹತ್ತುವಾಗ ಯಾರಾದರೊಬ್ಬ ನನ್ನ ಹೊಟ್ಟೆ ಒತ್ತಿ, “ಸ್ಟೆಪ್ನಿಗೆ ಗಾಳಿ ಉಂಟಾ ನೋಡಿ ಮಾರಾಯ್ರೆ” ಎನ್ನುತ್ತಿದ್ದ. ನಾನೂ ನಗುತ್ತಿದ್ದೆ.

ಮೊದಲ ಲಿಫ್ಟರ್ ಮಂಗಳೂರು ಕಡೆಯ ಕೊಂಕಣಿ ಮಾತಾಡುವ ಕ್ರೈಸ್ತ, ನಾನು ಉಡುಪಿ ಕಡೆಯ ತುಳುವ. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ನನಗಿಂತ ಆರು ವರ್ಷ ದೊಡ್ಡವನು. ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಒಂದು ಹಳೆಯ ಕಟ್ಟಡದಲ್ಲಿ ಹೆಂಡತಿ, ಸಣ್ಣ ಮಗಳ ಜೊತೆ ಇದ್ದ. ಕೋಚ್ ಕೂಡ ನಮ್ಮ ಊರ ಕಡೆಯವರೇ. ಕಂಪನಿಯಲ್ಲಿ ಸಾರಿಗೆ ವಿಭಾಗದ ಮ್ಯಾನೇಜರ್. ನಮ್ಮ ರಜೆ, ವೀಸಾ ನವೀಕರಣ, ಸಂಬಳದ ಚೀಟಿ ಎಲ್ಲ ಅವರ ಸಹಿಯಿಂದಲೇ ಆಗಬೇಕು.

ಇನ್ನು ಆ ಪಂದ್ಯ. ಅದನ್ನು ನಿಧಾನವಾಗಿ, ಕಂಡಷ್ಟನ್ನೇ ಬರೆಯುತ್ತೇನೆ.

ಆಗಿನ್ನೂ ಶುಕ್ರವಾರ ವಾರದ ರಜೆ. ಅಲ್ ಐನ್ ನಗರದಲ್ಲಿ ಮಧ್ಯಾಹ್ನದ ಮೇಲೆ ಸೆಮಿಫೈನಲ್ ಇತ್ತು. ಮೂರು ಸೆಟ್‌ಗಳ ಪಂದ್ಯ. ಮೊದಲನೆಯದನ್ನು ಗೆದ್ದೆವು. ಎರಡನೆಯದರಲ್ಲಿ ಹದಿನಾಲ್ಕು-ಹನ್ನೊಂದರಲ್ಲಿ ನಾವು ಮುಂದಿದ್ದಾಗ ಮೊದಲ ಲಿಫ್ಟರ್ ಎದುರಾಳಿಯ ಹೊಡೆತ ತಡೆಯಲು ಬ್ಲಾಕಿಗೆ ಹಾರಿದ. ಚೆಂಡು ಅವನ ಬಲಗೈ ಹೆಬ್ಬೆರಳಿಗೆ ಬಿತ್ತು. ಬೆರಳು ಹೊರಗೆ ಬಾಗಿ ಮತ್ತೆ ತನ್ನ ಜಾಗಕ್ಕೆ ಬಂತು. ಅವನು ಕೈ ಕೊಡವಿಕೊಂಡು ತನ್ನ ಸ್ಥಾನಕ್ಕೆ ಹೋದ. ಗ್ಯಾಲರಿಯಲ್ಲಿದ್ದವರು ಯಾರೂ ಅದನ್ನು ಗಮನಿಸಿರಲಾರರು.

ನಾನು ಗಮನಿಸಿದೆ. ಎರಡು ವರ್ಷ ನಾನು ನೋಡಿದ್ದು ಆ ಕೈಗಳನ್ನೇ. ಅವನು ಬಲೆಗೆ ಬೆನ್ನು ಹಾಕಿ, ಹೊಟ್ಟೆಯ ಮುಂದೆ ಬಲಗೈ ಬೆರಳುಗಳಿಂದ ಸ್ಮ್ಯಾಷರ್‌ಗಳಿಗೆ ಸನ್ನೆ ಮಾಡುತ್ತಿದ್ದ. ಆ ಬ್ಲಾಕಿನ ನಂತರ ಸನ್ನೆ ಎಡಗೈಗೆ ಬಂತು. ಆಮೇಲಿನ ಚೆಂಡುಗಳಲ್ಲಿ ಮೂರನ್ನು ಬೆರಳಿನಿಂದ ಎತ್ತಬಹುದಾಗಿದ್ದರೂ ಮೊಣಕೈ ಕೆಳಗಿನ ತೋಳಿನಿಂದ ಎತ್ತಿದ. ಹಾಗೆ ಎತ್ತುವವನೇ ಅವನಲ್ಲ. ಆ ಸೆಟ್ ಸೋತೆವು.

ಸೆಟ್‌ಗಳ ನಡುವೆ ನಾನು ಕೋಚ್ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. “ಸರ್, ಅವನ ಹೆಬ್ಬೆರಳು ಹೋಗಿದೆ. ಸನ್ನೆ ಎಡಗೈಯಲ್ಲಿ ಮಾಡ್ತಿದ್ದಾನೆ.”

ಅವರು ಮೆಲ್ಲಗೆ ಉತ್ತರಿಸಲಿಲ್ಲ. “ಎಂತ ಮಾರಾಯ, ನಿನ್ನ ಕಣ್ಣು ಯಾವಾಗ್ಲೂ ಅವನ ಬೆರಳಿನ ಮೇಲೆಯೇ ಉಂಟಲ್ಲ! ನಿಂಗೆ ಆಡ್ಲಿಕ್ಕೆ ಆಸೆ ಅಂತ ಅವನ ಕೈ ಮುರಿಬೇಕಾ?” ಎಂದರು. ಪಕ್ಕದಲ್ಲಿದ್ದ ಒಬ್ಬ, “ಸ್ಟೆಪ್ನಿಯೇ ಟಯರ್ ಪಂಕ್ಚರ್ ಮಾಡ್ತದೆ ಈಗ” ಎಂದ. ಎಲ್ಲರೂ ನಕ್ಕರು. ಕೋಚ್ ಮೊದಲ ಲಿಫ್ಟರ್ ಕಡೆ ತಿರುಗಿ, “ನಿಂಗೆ ಎಂತ ಆಗಿಲ್ಲ ಅಲ್ವಾ?” ಎಂದು ಕೇಳಿದರು. ಆ ಪ್ರಶ್ನೆಯನ್ನು ಹಾಗೆ ಕೇಳಿದರೆ ಬರುವ ಉತ್ತರ ಒಂದೇ. ಅವನು ಇಲ್ಲವೆಂದು ತಲೆಯಾಡಿಸಿದ. “ಖಲಾಸ್. ಯಲ್ಲಾ, ಹೋಗಿ” ಎಂದು ಕೋಚ್ ಅಲ್ಲಿಯ ಅರಬಿಯಲ್ಲೇ ಮಾತು ಮುಗಿಸಿ ಎಲ್ಲರನ್ನೂ ಅಂಕಣಕ್ಕೆ ಅಟ್ಟಿದರು.

ಹೊರಗೆ ಬಾ ಎಂದು ಅವರು ಅವನಿಗೆ ಹೇಳಲಿಲ್ಲ. ಕೈ ತೋರಿಸು ಎಂದೂ ಹೇಳಲಿಲ್ಲ. ಆಗ ನಾನು ಅವರಿಂದ ಒಂದು ಮೊಳ ದೂರದಲ್ಲಿದ್ದೆ.

ಮೂರನೇ ಸೆಟ್ ಹದಿನೈದು ಪಾಯಿಂಟಿನದು. ಒಂಬತ್ತು-ಎಂಟರಲ್ಲಿ ಅದೇ ಬೆರಳಿಗೆ ಮತ್ತೆ ಚೆಂಡು ಬಿತ್ತು. ಈ ಸಲ ಅವನ ಬಾಯಿಂದ ಒಂದು ಸದ್ದು ಬಂತು, ಬೆಂಚಿನವರೆಗೂ ಕೇಳಿಸಿತು. ಕೋಚ್ ನನ್ನ ಕಡೆ ನೋಡಲೂ ಇಲ್ಲ, ಬದಲಾವಣೆ ಕೇಳಲೂ ಇಲ್ಲ. ಅಲ್ಲಿಂದ ಪಂದ್ಯ ಮುಗಿಯುವವರೆಗೆ, ಪಾಯಿಂಟಿಗೊಂದರಂತೆ, ಹನ್ನೊಂದು ರ‍್ಯಾಲಿ ನಡೆದವು. ಆ ಹನ್ನೊಂದರಲ್ಲಿ ಒಮ್ಮೆಯೂ ನಾನು ಎದ್ದು ನಿಲ್ಲಲಿಲ್ಲ. ಹದಿನೈದು-ಹದಿಮೂರಕ್ಕೆ ಗೆದ್ದೆವು. ಎಲ್ಲರೂ ಅವನನ್ನು ಎತ್ತಿ ಕುಣಿದರು. ಅವನ ಬಲಗೈಯನ್ನು ಹಿಡಿದೇ ಎತ್ತಿದರು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಹೆಬ್ಬೆರಳ ಬುಡದ ನಾರು ಪೂರ್ತಿ ಹರಿದಿದೆ ಎಂದರು. ಆಪರೇಷನ್ ಮಾಡಿ ಹೊಲಿಯಬೇಕು, ಅದೂ ಎರಡು ಮೂರು ವಾರದೊಳಗೆ. ತಡವಾದರೆ ಬೆರಳು ಮೊದಲಿನಂತಾಗುವ ಭರವಸೆ ಇಲ್ಲ. ಅವನ ಸಾಮಾನ್ಯ ಇನ್ಶೂರೆನ್ಸ್ ಕಾರ್ಡಿಗೆ ಆಟದ ಗಾಯ ಸೇರುವುದಿಲ್ಲ. ಆದರೆ ಕಂಪನಿಯ ಕೆಲಸದಲ್ಲಿ ಆದ ಗಾಯವಾದರೆ ಕಂಪನಿಯೇ ಮಾಡಿಸಬೇಕು. ನಮಗೆ ಆಡುವುದೇ ಕೆಲಸವೆಂದು ಗೊತ್ತಿದ್ದವರೆಲ್ಲ ಈಗ ಕಾಗದ ನೋಡಿದರು. ಕಾಗದದಲ್ಲಿ ಅವನು ಫೋರ್ಕ್‌ಲಿಫ್ಟ್ ಹೆಲ್ಪರ್.

ಭಾನುವಾರ ಕೋಚ್ ನನ್ನನ್ನು ತಮ್ಮ ಆಫೀಸಿಗೆ ಕರೆದರು. ಎ.ಸಿ. ಜೋರಾಗಿತ್ತು. ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಒಂದು ಹಾಳೆ. ಅದನ್ನು ನಾನು ಎರಡು ಸಲ ಓದಿದೆ. ಆಟಗಾರನು ಗಾಯಗೊಂಡದ್ದನ್ನು ಗಮನಿಸಿದ ಕೋಚ್ ಅವನನ್ನು ಹೊರಬರುವಂತೆ ಸೂಚಿಸಿದರು, ಅವನು ಸ್ವಇಚ್ಛೆಯಿಂದ ಆಟ ಮುಂದುವರಿಸಿದನು ಎಂದಿತ್ತು. ಅಂದರೆ ಗಾಯದ ಹೊಣೆ ಕೋಚ್‌ಗೂ ಇಲ್ಲ, ಕಂಪನಿಗೂ ಇಲ್ಲ. ಕೆಳಗೆ ಸಾಕ್ಷಿಯ ಸಹಿಗೆ ಜಾಗ. ಅಲ್ಲಿ ನನ್ನ ಹೆಸರು, ಐಡಿ ನಂಬರು ಆಗಲೇ ಟೈಪಾಗಿದ್ದವು.

“ನೀವು ಹಾಗೆ ಹೇಳ್ಲಿಲ್ಲ ಸರ್” ಎಂದೆ.

“ಅವನ ಆಪರೇಷನ್ ನಾನು ಹೇಗಾದ್ರೂ ಮಾಡಿಸ್ತೇನೆ. ನಿಂಗೆ ಅದರ ಚಿಂತೆ ಬೇಡ. ಇದು ಆಫೀಸಿಗೆ ಮಾತ್ರ. ನಮ್ಮ ಊರಿನ ಹುಡುಗ ಅಂತ ಅಲ್ವಾ ನಾನು ನಿನ್ನನ್ನು ಕರ್ಸಿದ್ದು?” ಅವರು ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಸರಿಸಿದರು. “ಫೈನಲ್‌ನಲ್ಲಿ ಲಿಫ್ಟರ್ ನೀನೇ. ಎರಡು ವರ್ಷದಿಂದ ಅದಕ್ಕೇ ಅಲ್ವಾ ಕೂತದ್ದು?”

ಆ ಕೊನೆಯ ಮಾತಿಗೆ ನನಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ನಾನು ಎರಡು ವರ್ಷ ತಯಾರಾದದ್ದು ಒಬ್ಬನ ಬೆರಳು ಹೋದರೆ ಪಂದ್ಯ ಕೆಡಬಾರದು ಎಂದು. ನನ್ನನ್ನು ಇಟ್ಟುಕೊಂಡದ್ದೂ ಅದಕ್ಕೇ. ಬೆರಳು ಹೋಯಿತು, ನಾನು ಹೇಳಿದೆ, ನನ್ನ ಬೆರಳುಗಳು ಬೆಚ್ಚಗಿದ್ದವು. ಆದರೂ ನನ್ನನ್ನು ಅಂಕಣಕ್ಕೆ ಇಳಿಸಲಿಲ್ಲ. ಈಗ ಅದೇ ಜಾಗವನ್ನು ಸುಳ್ಳಿನ ಸಂಬಳವಾಗಿ ಕೊಡುತ್ತಿದ್ದರು.

ಸಹಿ ಹಾಕಲಿಲ್ಲ. ಧೈರ್ಯದಿಂದ ಅಂದರೆ ಸುಳ್ಳಾದೀತು. “ಯೋಚನೆ ಮಾಡಿ ಹೇಳ್ತೇನೆ” ಎಂದು ಹೊರಬಂದು ಸೀದಾ ಮೊದಲ ಲಿಫ್ಟರ್‌ನ ಮನೆಗೆ ಹೋದೆ.

ಅವನು ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಕೂತಿದ್ದ. “ಆ ಹಾಳೆ ನಂಗೂ ತೋರಿಸಿದ್ರು. ನಾನು ಹಾಕಿದೆ” ಎಂದ.

“ಎಡಗೈಯಲ್ಲಿ?”

“ಮತ್ತೆಂತ ಮಾಡ್ಲಿ? ಮುಂದಿನ ತಿಂಗಳು ವೀಸಾ ರಿನ್ಯೂ ಉಂಟು. ಇವ್ಳು, ಮಗು, ಎಲ್ಲ ನನ್ನ ಮೇಲೆ.” ಒಳಗಿಂದ ಮಗಳು ಇಂಗ್ಲಿಷಿನಲ್ಲಿ ಏನೋ ಕೇಳಿದಳು. “ನೀನೂ ಹಾಕು ಮಾರಾಯ. ಆಪರೇಷನ್ ಮಾಡಿಸ್ತೇನೆ ಅಂತ ಮಾತು ಕೊಟ್ಟಿದ್ದಾರೆ.”

“ಬರೆದು ಕೊಟ್ಟಿದ್ದಾರಾ?”

ಅವನು ಎದ್ದು ಒಳಗೆ ಮಗಳ ಹತ್ತಿರ ಹೋದ.

ಆ ಸಂಜೆ ನಾನು ನನ್ನದೇ ಒಂದು ಹೇಳಿಕೆ ಬರೆದೆ. ಯಾವ ಸೆಟ್, ಎಷ್ಟು ಪಾಯಿಂಟ್, ಯಾವ ಕೈ, ನಾನು ಏನು ಹೇಳಿದೆ, ಅವರು ಏನು ಹೇಳಿದರು. ನನ್ನ ಮುರುಕು ಇಂಗ್ಲಿಷಿನಲ್ಲಿ ಒಂದೂವರೆ ಪುಟವಾಯಿತು. ಮರುದಿನ ಹೆಡ್ ಆಫೀಸಿನ ಎಚ್.ಆರ್. ಮೇಡಂ ಕೈಗೆ ಕೊಟ್ಟೆ. ಅವರು ಓದಿ, ತಂಡದ ಉಳಿದವರನ್ನೂ ಕೇಳುತ್ತೇವೆ ಎಂದರು. ಕೇಳಿದರು. ಬೆಂಚಿನ ಪಕ್ಕ ನಿಂತು ನಕ್ಕವರಲ್ಲಿ ಒಬ್ಬನಿಗೂ ಏನೂ ನೆನಪಿರಲಿಲ್ಲ. ಟಯರಿನ ಜೋಕು ಹೇಳಿದವನು, ತಾನು ಆಗ ನೀರು ಕುಡಿಯಲು ಹೋಗಿದ್ದೆ ಎಂದನಂತೆ.

ಮೊದಲ ವಾರ ಹೀಗೆ ಹೋಯಿತು. ಎರಡನೆಯ ವಾರ ಫೈನಲ್ ಬಂತು. ಕೋಚ್ ಒಬ್ಬ ಸ್ಮ್ಯಾಷರ್‌ನನ್ನು ಲಿಫ್ಟರ್ ಜಾಗದಲ್ಲಿ ನಿಲ್ಲಿಸಿದರು. ನನ್ನನ್ನು ಬೆಂಚಿನಿಂದಲೂ ತೆಗೆದು ಸ್ಟೋರಿನ ಲೆಕ್ಕ ನೋಡಲು ಕಳಿಸಿದರು. ತಂಡ ಸೋತಿತು. ಮೂರನೆಯ ವಾರ ಕಳೆಯಿತು. ಕೋಚ್ ಮಾತು ಕೊಟ್ಟ ಆಪರೇಷನ್ ಆಗಲಿಲ್ಲ. ಯಾಕೆ ಎಂದು ಕೇಳಿದ ಮೊದಲ ಲಿಫ್ಟರ್‌ಗೆ ಅವರು, “ಸ್ಟೆಪ್ನಿ ಸಹಿ ಹಾಕಿದ್ರೆ ಯಾವಾಗ್ಲೋ ಆಗ್ತಿತ್ತು. ಅವನನ್ನೇ ಕೇಳು” ಎಂದರು. ಅವನು ನನ್ನ ಫೋನ್ ಎತ್ತುವುದನ್ನು ನಿಲ್ಲಿಸಿದ.

ಮೂವತ್ತೊಂದನೆಯ ದಿನ ಕಂಪನಿ ಆಪರೇಷನ್ ಮಾಡಿಸಿತು. ‘ಮಾನವೀಯತೆಯ ದೃಷ್ಟಿಯಿಂದ’ ಎಂದು ಪತ್ರದಲ್ಲಿತ್ತು. ಗಾಯ ಕೆಲಸದಲ್ಲಿ ಆದದ್ದೆಂದು ಬರೆಯಲಿಲ್ಲ. ಹೊಲಿಗೆ ಕೂತಿತು, ಬೆರಳು ಪೂರ್ತಿ ಬಾಗಲಿಲ್ಲ. ಲಿಫ್ಟರ್‌ನ ಹೆಬ್ಬೆರಳು ಅಷ್ಟು ಬಾಗದಿದ್ದರೆ ಅವನು ಲಿಫ್ಟರ್ ಅಲ್ಲ. ಕೋಚ್ ತಮ್ಮ ಕುರ್ಚಿಯಲ್ಲೇ ಉಳಿದರು. ನನ್ನ ಕಾಂಟ್ರಾಕ್ಟ್ ಮುಗಿದಾಗ ನವೀಕರಿಸಲಿಲ್ಲ. ಕಾರಣ ಕೇಳಿದಾಗ ಸ್ಟೋರಿನಲ್ಲಿ ಜನ ಹೆಚ್ಚಾಗಿದ್ದಾರೆ ಎಂದರು.

ಊರಿಗೆ ಹೊರಡುವ ಎರಡು ದಿನ ಮೊದಲು ಎಲೆಕ್ಟ್ರಾ ಸ್ಟ್ರೀಟಿನ ಒಂದು ಮೊಬೈಲ್ ಅಂಗಡಿಯ ಮುಂದೆ ಅವನು ಎದುರಾದ. ದಾಟಿ ಹೋಗುತ್ತಾನೆ ಅಂದುಕೊಂಡೆ. ನಿಂತ. ಆ ಹೊತ್ತಿಗೆ ಅವನಿಗೆ ಎಲ್ಲ ತಿಳಿದಿತ್ತು. ಎಚ್.ಆರ್. ಮೇಡಂ ನನ್ನ ಹೇಳಿಕೆಯನ್ನು ಅವನಿಗೆ ಓದಿ ಹೇಳಿದ್ದರು.

“ನೀನು ಬರೆದದ್ದು ಸರಿ ಉಂಟು” ಎಂದ. “ಒಂದು ಮಾತು ಕೇಳ್ತೇನೆ. ಮೂರನೇ ಸೆಟ್‌ನಲ್ಲಿ, ಎರಡನೇ ಸಲ ಬೆರಳಿಗೆ ಬಿದ್ದಾಗ, ನೀನು ಮತ್ತೆ ಯಾಕೆ ಹೇಳ್ಲಿಲ್ಲ?”

ಆ ಪ್ರಶ್ನೆಯನ್ನು ಕೋಚ್ ಕೇಳಲಿಲ್ಲ, ಮೇಡಂ ಕೇಳಲಿಲ್ಲ. ನನ್ನ ಒಂದೂವರೆ ಪುಟದಲ್ಲೂ ಅದಕ್ಕೆ ಉತ್ತರವಿರಲಿಲ್ಲ.

“ನಿನ್ನ ಜಾಗ ಬೇಕು ಅಂತ ಹೇಳ್ತಿದ್ದೇನೆ ಅಂತ ತಿಳ್ಕೊಳ್ತಾರೆ ಅಂತ” ಎಂದೆ.

“ಬೇಕಿರ್ಲಿಲ್ವಾ?”

“ಬೇಕಿತ್ತು.”

“ಹಾಗಾದ್ರೆ ಕೇಳ್ಬೇಕಿತ್ತು ಮಾರಾಯ,” ಎಂದ, “ಆ ದಿನ ನಾನು ಕೊಡ್ತಿದ್ದೆ.”