ಲೊರೇನ್ ಆಂಟಿಯ ಬೆಂಕಿ

ಕೋವಿಡ್ ಗಲಾಟೆ ಮುಗಿದು ಎಲ್ಲರೂ ಮಾಸ್ಕ್ ತೆಗೆದ ವರ್ಷವೇ ನಾವು ಮಿಷಿಗನ್‌ನ ಟ್ರಾಯ್‌ನಲ್ಲಿ ಮನೆ ಕೊಂಡದ್ದು. ಅಲ್ಲಿಯವರೆಗೆ ಅಪಾರ್ಟ್‌ಮೆಂಟಿನಿಂದ ಅಪಾರ್ಟ್‌ಮೆಂಟಿಗೆ ಡಬ್ಬ ಹೊತ್ತು ಹೊತ್ತು ಸಾಕಾಗಿತ್ತು. ಗೃಹಪ್ರವೇಶಕ್ಕೆಂದೇ ಮೈಸೂರಿನಿಂದ ಅತ್ತೆ ಬಂದಿದ್ದರು. ಹೋಮ ಆಗಲೇಬೇಕೆಂದು ಅವರದು ಒಂದೇ ಹಟ.

ಇಲ್ಲಿನ ಮರದ ಮನೆಯಲ್ಲಿ ಹೋಮ ಮಾಡಿಸಿದವರಿಗೆ ಆ ಫಜೀತಿ ಗೊತ್ತು. ಸ್ವಲ್ಪ ಹೊಗೆ ಕಂಡರೂ ಸ್ಮೋಕ್ ಅಲಾರಂ ಅರಚಿಕೊಂಡು, ಫೈರ್ ಸ್ಟೇಷನ್ನಿಗೂ ತಾನೇ ಸುದ್ದಿ ಮುಟ್ಟಿಸುತ್ತದೆ. ಅದಕ್ಕೆಂದೇ ನನ್ನ ಗಂಡ ಮಧು ಏಣಿ ಹತ್ತಿ, ಹೋಟೆಲುಗಳಿಂದ ತಂದು ಕೂಡಿಟ್ಟಿದ್ದ ಶವರ್ ಕ್ಯಾಪುಗಳನ್ನು ಒಂದೊಂದು ಅಲಾರಮ್ಮಿಗೂ ತೊಡಿಸಿ ಟೇಪ್ ಸುತ್ತಿದ್ದ. ಮೇಲಿನ ಮಹಡಿಯ ಒಂದನ್ನು ಮಾತ್ರ ಮರೆತಿದ್ದ. ಭಟ್ಟರು ಗಣಹೋಮಕ್ಕೆ ತುಪ್ಪ ಹಾಕಿ ಇನ್ನೂ ಹತ್ತು ನಿಮಿಷವಾಗಿಲ್ಲ, ಮನೆ ಮುಂದೆ ಕೆಂಪು ದೀಪ ಮಿನುಗಿಸುತ್ತ ಫೈರ್ ಎಂಜಿನ್ ಬಂದು ನಿಂತಿತು. ದಪ್ಪ ಬೂಟು, ಹೆಲ್ಮೆಟ್ ಹಾಕಿಕೊಂಡ ನಾಲ್ಕು ಜನ ಬಾಗಿಲಲ್ಲಿ. ಅತ್ತೆ ಕೂತಲ್ಲಿಂದಲೇ, "ಶೂ ಬಿಚ್ಚಿ ಬರೋಕ್ ಹೇಳೇ ಸುಮಾ" ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅವರಲ್ಲಿ ಹಿರಿಯನಂತಿದ್ದವನು ಹೋಮಕುಂಡವನ್ನೂ ನನ್ನ ರೇಷ್ಮೆ ಸೀರೆಯನ್ನೂ ನೋಡಿ, "ಪೂಜೆನಾ? ಇನ್ನೆಷ್ಟು ಹೊತ್ತಾಗುತ್ತೆ?" ಎಂದು ಕೇಳಿದ. ಅರ್ಧ ಗಂಟೆ ಎಂದೆ. "ಕಿಟಕಿ ತೆಗೀರಿ, ಹತ್ತಿರ ಒಂದು ಎಕ್ಸ್‌ಟಿಂಗ್ವಿಷರ್ ಇಟ್ಕೊಳ್ಳಿ. ಹೊಸ ಮನೆಗೆ ಕಂಗ್ರಾಜುಲೇಷನ್ಸ್" ಎಂದು ಹೇಳಿದ. ಪೂರ್ಣಾಹುತಿ ಮುಗಿಯುವವರೆಗೂ ನಾಲ್ವರೂ ವರಾಂಡದಲ್ಲಿ ನಿಂತಿದ್ದು, ಕೇಸರಿಬಾತ್ ತಿಂದು ಹೋದರು. ಆಮೇಲೆ ಬಹಳ ದಿನ ಯಾರ ಮನೆಗೆ ಊಟಕ್ಕೆ ಹೋದರೂ ನಾನು ಇದೇ ಕಥೆ ಹೇಳಿ ನಗಿಸುತ್ತಿದ್ದೆ. ಈಗ ಹೇಳುವುದಿಲ್ಲ.

ಅವತ್ತು ಬಂದ ಅತಿಥಿಗಳಲ್ಲಿ ನನ್ನ ಸಹೋದ್ಯೋಗಿ ಡೆನೀಸ್ ಇದ್ದಳು. ನಾವಿಬ್ಬರೂ ಡೆಟ್ರಾಯ್ಟ್‌ನ ಒಂದು ಕ್ಲಿನಿಕ್‌ನಲ್ಲಿ ಫಿಸಿಯೋಥೆರಪಿಸ್ಟ್‌ಗಳು. ಅವಳು ಈ ನೆಲದ ಮೂಲನಿವಾಸಿ, ಅನಿಶಿನಾಬೆ ಜನಾಂಗದವಳು. ಜೊತೆಗೆ ಅವಳ ತಾಯಿ ಲೊರೇನ್ ಬಂದಿದ್ದರು. ಇಲ್ಲಿ ಎಂಬತ್ತರ ಮುದುಕರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಬಾಯಿ ಬರಲಿಲ್ಲ, ಆಂಟಿ ಎಂದುಬಿಟ್ಟೆ. ಅವರು ನಕ್ಕು, "ನಮ್ಮಲ್ಲೂ ಹಾಗೇ ಕರೆಯೋದು" ಎಂದರು.

ಫೈರ್ ಎಂಜಿನ್ ಹೋದ ಮೇಲೆ ಎಲ್ಲರೂ ಎಲೆ ಮುಂದೆ ಕೂತರೆ ಲೊರೇನ್ ಆಂಟಿ ಮಾತ್ರ ಹೋಮಕುಂಡದ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದರು. ಊಟಕ್ಕೆ ಕರೆಯಲು ಹೋದರೆ, "ಇದಕ್ಕೆ ಈಗ ನೀರು ಹಾಕ್ತೀರಾ?" ಎಂದು ಕೇಳಿದರು. ನಾನು ಭಟ್ಟರ ಮುಖ ನೋಡಿದೆ. "ಛೇ, ಅಗ್ನಿಗೆ ನೀರು ಹಾಕೋದುಂಟೇ? ತಾನಾಗೇ ಶಾಂತ ಆಗಬೇಕು" ಎಂದರು ಭಟ್ಟರು. ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಆಂಟಿಯ ಮುಖ ಅರಳಿತು. ಅವರಲ್ಲೂ ಪೂಜೆಯ ಬೆಂಕಿಗೆ ನೀರು ಹಾಕುವುದಿಲ್ಲವಂತೆ. ಹಚ್ಚಿದವರು ಅದು ಆರುವವರೆಗೂ ಪಕ್ಕದಲ್ಲೇ ಕೂತು ಕಾಯಬೇಕಂತೆ. "ಅದನ್ನ ಒಂಟಿಯಾಗಿ ಬಿಡಬಾರದು" ಎಂದರು. ಕೊನೆಯ ಕೆಂಡ ಬೂದಿಯಾಗುವವರೆಗೆ ಅಲ್ಲೇ ಇದ್ದು, ಆಮೇಲೆ ಊಟ ಮಾಡಿದರು.

ಹೊರಡುವಾಗ ಅತ್ತೆ ಅವರ ಕೈಗೆ ಮಂಡ್ಯದ ಬೆಲ್ಲದ ಅಚ್ಚೊಂದನ್ನು ಕೊಟ್ಟರು. ಆಂಟಿ ಚೂರು ಮುರಿದು ಬಾಯಿಗೆ ಹಾಕಿಕೊಂಡು, "ಮಾರ್ಚ್‌ನಲ್ಲಿ ನಾನೂ ಬೆಂಕಿ ಹಚ್ತೀನಿ. ಬಾ, ನನ್ನ ಸಕ್ಕರೆ ನಿಂಗೆ ಕೊಡ್ತೀನಿ" ಎಂದರು.

ಅದು ಮೇಪಲ್ ಮರದ ಸಕ್ಕರೆ. ಚಳಿಗಾಲ ಮುಗಿಯುವ ಹೊತ್ತಿಗೆ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ, ಮರಕ್ಕೆ ಸಣ್ಣ ತೂತು ಕೊರೆದರೆ ನೀರಿನಂಥ ರಸ ತೊಟ್ಟಿಕ್ಕುತ್ತದೆ. ಅದನ್ನು ದಿನವಿಡೀ ಕುದಿಸಿದರೆ ಪಾಕ, ಇನ್ನೂ ಕುದಿಸಿದರೆ ಸಕ್ಕರೆ. ಲೊರೇನ್ ಆಂಟಿ ಹುಟ್ಟಿದ್ದು ಉತ್ತರದ ಕಡೆ, ಸರ್ಕಾರ ಅವರ ಜನರಿಗೆಂದು ಉಳಿಸಿದ ಒಂದಿಷ್ಟು ಜಾಗದಲ್ಲಿ. ಅಲ್ಲಿ ಅವರ ತಾಯಿ ವರ್ಷವರ್ಷವೂ ಸಕ್ಕರೆ ಮಾಡುತ್ತಿದ್ದರಂತೆ. ಪಟ್ಟಣಕ್ಕೆ ಬನ್ನಿ, ಕೆಲಸ ಕೊಡುತ್ತೇವೆ ಎಂದು ಸರ್ಕಾರವೇ ಕರೆದಾಗ ಮನೆಮಂದಿಯೆಲ್ಲ ಡೆಟ್ರಾಯ್ಟ್‌ಗೆ ಬಂದರು. ಆಂಟಿ ಆಗ ಚಿಕ್ಕ ಹುಡುಗಿ. ಆಮೇಲೆ ಇಡೀ ಜೀವಮಾನ ಇಲ್ಲೇ ಕಳೆದರೂ ಒಮ್ಮೆಯೂ ಸಕ್ಕರೆ ಮಾಡಿರಲಿಲ್ಲ. ಮಾಡಲು ಜಾಗವೇ ಇರಲಿಲ್ಲ.

"ಉತ್ತರಕ್ಕೆ ಹೋಗಿ ಮಾಡ್ಕೊಳ್ಳಿ ಅಂತಾರೆ ಜನ" ಎಂದು ಅವರೊಮ್ಮೆ ನನಗೆ ಹೇಳಿದ್ದರು. "ಯಾಕೆ ಹೋಗಬೇಕು? ಈ ಪಟ್ಟಣ ಬರೋಕ್ ಮುಂಚೆ ಈ ನದಿ ದಂಡೇಲೂ ನಮ್ಮೋರೇ ಸಕ್ಕರೆ ಮಾಡ್ತಿದ್ರು. ಸಾಯೋದ್ರೊಳಗೆ ಒಂದು ಸಲ, ಇಲ್ಲೇ, ಈ ನೆಲದ ಮೇಲೇ ಮಾಡಬೇಕು."

ಆ ಚಳಿಗಾಲದಲ್ಲಿ ಅದಕ್ಕೂ ಕಾಲ ಕೂಡಿಬಂತು. ಡೆಟ್ರಾಯ್ಟ್‌ಗೆ ಅಂಟಿಕೊಂಡಿರುವ ಒಂದು ಊರು, ಹೆಸರು ಬೇಡ, ಅಲ್ಲಿನ ಪಾರ್ಕಿನಲ್ಲಿ ನದಿ ಪಕ್ಕಕ್ಕೆ ದೊಡ್ಡ ಮೇಪಲ್ ತೋಪಿದೆ. ಡೆನೀಸ್ ಮತ್ತು ಕೆಲವು ಕುಟುಂಬಗಳು ವರ್ಷಗಟ್ಟಲೆ ಮೀಟಿಂಗುಗಳಿಗೆ ಅಲೆದು, ಆ ತೋಪಿನಲ್ಲಿ ಸಕ್ಕರೆ ಮಾಡಲು ಒಪ್ಪಿಗೆ ಪಡೆದಿದ್ದರು. ಮೊದಲ ಬೆಂಕಿ ಲೊರೇನ್ ಆಂಟಿಯೇ ಹಚ್ಚಬೇಕು ಎಂದು ಎಲ್ಲರೂ ಹೇಳಿದರಂತೆ.

ಮಾರ್ಚ್‌ನ ಆ ಶನಿವಾರ ನಾನು ಹೋಗುವಷ್ಟರಲ್ಲಿ ಬೆಂಕಿ ಹೊತ್ತಿ, ಮೇಲೆ ಅಗಲವಾದ ತಪ್ಪಲೆಯಲ್ಲಿ ರಸ ಕುದಿಯುತ್ತಿತ್ತು. ಆಂಟಿ ಮಡಿಸುವ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತು, ಆಗಾಗ ಒಂದು ಚಿಟಿಕೆ ಹೊಗೆಸೊಪ್ಪನ್ನು ಬೆಂಕಿಗೆ ಅರ್ಪಿಸುತ್ತಿದ್ದರು. ಹತ್ತಿರ ಹೋದವಳಿಗೆ ಆ ಆವಿಯ ವಾಸನೆ ಮೂಗಿಗೆ ಬಡಿದು ಕಾಲು ಅಲ್ಲೇ ನಿಂತುಬಿಟ್ಟಿತು. ನಮ್ಮ ತಾತನ ಆಲೆಮನೆಯ ವಾಸನೆ ಅದು. ಅಷ್ಟು ವರ್ಷ ಈ ದೇಶದಲ್ಲಿದ್ದರೂ ಯಾವ ವಾಸನೆಯೂ ನನ್ನನ್ನು ಹಾಗೆ ಹಿಡಿದು ನಿಲ್ಲಿಸಿರಲಿಲ್ಲ. "ನಮ್ಮಲ್ಲಿ ಕಬ್ಬಿನ ಹಾಲನ್ನ ಹೀಗೇ ಕಾಯಿಸ್ತಾರೆ ಆಂಟಿ" ಎಂದೆ. "ಹಾಗಾದ್ರೆ ನಿಂತ್ಕೊಂಡು ನೋಡಬೇಡ, ಸೌಟು ಹಿಡಿ" ಎಂದರು.

ಮಧ್ಯಾಹ್ನವೆಲ್ಲ ನಾನು, ಡೆನೀಸ್ ಸರದಿಯ ಮೇಲೆ ಕೈಯಾಡಿಸಿದೆವು. ರಸ ಹೊಂಬಣ್ಣಕ್ಕೆ ತಿರುಗಿ ಗುಳ್ಳೆ ದಪ್ಪಗಾಗತೊಡಗಿತು. ಆಂಟಿ ಎದ್ದು ಬಂದು ಸೌಟೆತ್ತಿ ನೋಡಿ, "ಇನ್ನೊಂದು ಗಂಟೆ" ಎಂದರು. ಅವರ ಮುಖದಲ್ಲಿ ಉತ್ತರದ ಆ ಚಿಕ್ಕ ಹುಡುಗಿ ಕಾಣುತ್ತಿದ್ದಳು.

ಆಗಲೇ ಪೊಲೀಸರು ಬಂದದ್ದು. ಹೊಗೆ ನೋಡಿ ಯಾರೋ ಫೋನ್ ಮಾಡಿದ್ದರಂತೆ. ಹಿಂದೆಯೇ ಫೈರ್ ಎಂಜಿನ್ನೂ ಬಂತು. ಪಾರ್ಕಿನಲ್ಲಿ ಬೆಂಕಿ ಹಾಕುವಂತಿಲ್ಲ, ಆರಿಸಿ ಎಂದ ಪೊಲೀಸ್ ಆಫೀಸರ್. ಸಿಟಿಯವರೇ ಒಪ್ಪಿದ್ದಾರೆ ಎಂದಳು ಡೆನೀಸ್. "ಮರದಿಂದ ರಸ ತೆಗೆಯೋಕೆ ಒಪ್ಪಿರಬಹುದು ಮೇಡಂ. ಬೆಂಕಿ ಬಗ್ಗೆ ನಮಗೇನೂ ಬಂದಿಲ್ಲ." ಅವಳು ಸಿಟಿ ಆಫೀಸಿಗೆ ಫೋನ್ ಮೇಲೆ ಫೋನ್ ಮಾಡಿದಳು. ಶನಿವಾರ, ಯಾರು ಎತ್ತುತ್ತಾರೆ? ಕುದಿಸದೆ ಆ ರಸವನ್ನು ಏನು ಮಾಡುತ್ತಾರೆ ಎಂದುಕೊಂಡಿದ್ದರೋ ದೇವರೇ ಬಲ್ಲ.

ನನಗೆ ತಡೆಯಲಾಗಲಿಲ್ಲ. ನಮ್ಮ ಮನೆಯ ಕಥೆ ಬಾಯಲ್ಲಿ ಸಿದ್ಧವಿತ್ತಲ್ಲ, ಮುಂದೆ ಹೋಗಿ ಹೇಳಿದೆ. "ಆಫೀಸರ್, ಇದೂ ಪೂಜೆನೇ. ನಮ್ಮ ಮನೇಲಿ ಹೀಗೇ ಬೆಂಕಿ ಹಾಕಿದಾಗ ಫೈರ್‌ನೋರು ಬಂದು, ಮುಗಿಯೋವರೆಗೂ ಕಾದು ಹೋದ್ರು. ಇವರಿಗೂ ಒಂದೇ ಒಂದು ಗಂಟೆ ಕೊಡಿ."

"ಅದು ನಿಮ್ಮ ಸ್ವಂತ ಮನೆನಾ?" ಎಂದು ಕೇಳಿದ.

"ಹೌದು."

"ಅಷ್ಟೇ ವ್ಯತ್ಯಾಸ ಮೇಡಂ. ಅದು ನಿಮ್ಮ ಜಾಗ. ಇದು ಇವರ ಜಾಗ ಅಲ್ಲ."

ಅವನು ಒರಟಾಗಿ ಹೇಳಲಿಲ್ಲ. ಚಿಕ್ಕ ಮಕ್ಕಳಿಗೆ ತಿಳಿಹೇಳುವಂತೆ ಹೇಳಿದ. ಸಹಾಯ ಮಾಡಲು ಹೋದ ನನ್ನ ಮಾತನ್ನೇ ತಿರುಗಿಸಿ ಲೊರೇನ್ ಆಂಟಿಯ ಮುಖಕ್ಕೆ ಹೊಡೆದಂತಾಯಿತು. ಮೊನ್ನೆ ಮೊನ್ನೆ ಎರಡು ಸೂಟ್‌ಕೇಸ್ ಹಿಡಿದು ಬಂದ ನನಗೆ ಈ ನೆಲದಲ್ಲಿ ಜಾಗವಿದೆ, ಅವರಿಗಿಲ್ಲ. ನಾನು ತಲೆ ತಗ್ಗಿಸಿದೆ.

ಆಂಟಿ ಒಂದೇ ಒಂದು ಕೇಳಿದರು. "ನೀರು ಹಾಕಬೇಡಿ. ಸೌದೆ ಈಚೆ ಎಳೆದುಬಿಡ್ತೀವಿ. ಅದಾಗೇ ಆರಲಿ, ನಾನು ಪಕ್ಕದಲ್ಲೇ ಕೂತಿರ್ತೀನಿ." ಪೂರ್ತಿ ಆರಿಸದೆ ಹೋಗುವಂತಿಲ್ಲ, ರೂಲ್ಸು ಎಂದರು. ಪೈಪು ಹಿಡಿದಿದ್ದ ಫೈರ್‌ಮನ್ "ಸಾರಿ ಮ್ಯಾಮ್" ಎಂದ. ಆಮೇಲೆ ಇನ್ನೊಂದು ಮಾತು ಹೇಳಿದ. "ಸ್ವಲ್ಪ ಕುರ್ಚಿ ಹಿಂದಕ್ಕೆ ತಗೊಳ್ತೀರಾ?"

ಆಂಟಿ ಎದ್ದರು. ಕುರ್ಚಿ ಮಡಿಸಿದ್ದು ನಾನು. ಆ ಕುರ್ಚಿ ಹಿಡಿದುಕೊಂಡೇ ನಿಂತಿದ್ದೆ, ನೀರು ಬಿತ್ತು. ಬುಸ್ಸೆಂದು ಬೂದಿ, ಆವಿ ಎಲ್ಲ ಒಟ್ಟಿಗೆ ಮೇಲೆದ್ದು ತಪ್ಪಲೆಯೊಳಕ್ಕೆ ಸುರಿಯಿತು. ಹೊಂಬಣ್ಣದ ಪಾಕ ಕಣ್ಣೆದುರೇ ಕೆಸರಾಯಿತು. ಬೆಲ್ಲ ಕಟ್ಟುವವರ ಮನೆಯಲ್ಲಿ ಬೆಳೆದವಳು ನಾನು. ಪಾಕ ಕೆಟ್ಟ ದಿನ ತಾತ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಆದರೆ ತಾತನಿಗೆ ಮರುದಿನ ಮತ್ತೆ ಒಲೆ ಹಚ್ಚಲು ಅಡ್ಡಿ ಇರಲಿಲ್ಲ. ಯಾರನ್ನೂ ಕೇಳಬೇಕಾಗಿರಲಿಲ್ಲ.

ಆಂಟಿ ಅಳಲಿಲ್ಲ, ಬೈಯಲಿಲ್ಲ. ಎಲ್ಲರೂ ಹೋದ ಮೇಲೆ ಆ ಒದ್ದೆ ಬೂದಿಯ ಪಕ್ಕಕ್ಕೆ ಕುರ್ಚಿ ಹಾಕಿಸಿಕೊಂಡು, ಇನ್ನೂ ಬೆಂಕಿ ಇದೆಯೇನೋ ಎಂಬಂತೆ ಕೂತರು. ಸಂಜೆ ಚಳಿ ಏರಿದಾಗ ಡೆನೀಸ್ ಅವರನ್ನು ಹಿಡಿದೆಬ್ಬಿಸಿ ಕಾರಿಗೆ ಕರೆದುಕೊಂಡು ಹೋದಳು.

ಆಮೇಲೆ ಸಿಟಿಯವರು ಕ್ಷಮೆ ಕೇಳಿದರು. ಅಮೆರಿಕದಲ್ಲಿ ಕ್ಷಮೆಗೇನೂ ಬರವಿಲ್ಲ. ಮುಂದಿನ ವರ್ಷ ಮಾಡಬಹುದು, ಆದರೆ ಸೌದೆ ಬೇಡ ಗ್ಯಾಸ್ ಒಲೆ ಇರಲಿ, ಇಷ್ಟು ಗಂಟೆಗೆ ಮುಗಿಸಬೇಕು, ಸಿಟಿಯ ಒಬ್ಬರು ಜೊತೆಗಿರುತ್ತಾರೆ ಎಂದೆಲ್ಲ ಹೇಳಿದರು. ಡೆನೀಸ್ ಅದನ್ನೆಲ್ಲ ಹೇಳಿ ಮುಗಿಸಿದಾಗ ಆಂಟಿ "ನೀವೆಲ್ಲ ಹೋಗಿ, ನಾನು ಬರಲ್ಲ" ಎಂದರಂತೆ.

ನನಗೋ ಏನಾದರೂ ಮಾಡಲೇಬೇಕೆಂಬ ಚಡಪಡಿಕೆ. ನಮ್ಮ ಹಿತ್ತಲಿನಲ್ಲೇ ಎರಡು ಮೇಪಲ್ ಮರಗಳಿವೆ. ಒಂದು ಭಾನುವಾರ ಅವರ ಮನೆಗೆ ಹೋಗಿ, "ಆಂಟಿ, ನಮ್ಮನೆಗೆ ಬನ್ನಿ. ಅಲ್ಲೇ ಬೆಂಕಿ ಹಚ್ಚಿ, ಅಲ್ಲೇ ಸಕ್ಕರೆ ಮಾಡೋಣ. ನಮ್ಮ ಜಾಗದಲ್ಲಿ ನಿಮ್ಮನ್ನ ಯಾರೂ ಏಳಿಸಲ್ಲ" ಎಂದೆ. ಹೇಳುವಾಗ ಎಷ್ಟು ಹೆಮ್ಮೆ ನನಗೆ!

ಅವರು ನನ್ನ ಕೈ ಹಿಡಿದುಕೊಂಡರು. "ನಿನ್ನ ಮನಸ್ಸು ದೊಡ್ಡದು ಮಗಳೇ. ಆದ್ರೆ ಅಲ್ಲೂ ನಾನು ಗೆಸ್ಟೇ ತಾನೆ? ನೀನು ಬಾ ಅಂದ್ರೆ ಬರಬೇಕು, ಸಾಕು ಅಂದ್ರೆ ಏಳಬೇಕು. ಬೇರೆ ಎಲ್ಲಾದ್ರೂ ಆಗಿದ್ರೆ ಗೆಸ್ಟ್ ಆಗಿ ಬರ್ತಿದ್ದೆ. ಇಲ್ಲಿ, ಈ ಮರಗಳ ಕೆಳಗೆ, ಗೆಸ್ಟ್ ಆಗಿ ಕೂರೋಕೆ ನನ್ನ ಕೈಲಿ ಆಗಲ್ಲ" ಎಂದರು.



ಈಗ ಲೊರೇನ್ ಆಂಟಿ ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮಿನಲ್ಲಿದ್ದಾರೆ. ಅಲ್ಲಿ ಹುಟ್ಟುಹಬ್ಬದ ಕೇಕಿನ ಮೇಲೆ ಒಂದು ಮೇಣದಬತ್ತಿ ಹಚ್ಚಲೂ ಬಿಡುವುದಿಲ್ಲ. ಹೋದಾಗಲೆಲ್ಲ ಬೆಲ್ಲ ಒಯ್ಯುತ್ತೇನೆ. ಕೆಲವು ದಿನ ನನ್ನ ಗುರುತು ಹತ್ತುತ್ತದೆ, ಕೆಲವು ದಿನ ಇಲ್ಲ. ಗುರುತು ಹತ್ತಿದ ದಿನ, "ನಿಂಗೆ ಸಕ್ಕರೆ ಕೊಡಬೇಕಿತ್ತು ನಾನು" ಎನ್ನುತ್ತಾರೆ. ಪರವಾಗಿಲ್ಲ ಆಂಟಿ ಎನ್ನುತ್ತೇನೆ. ಪರವಾಗಿಲ್ಲ ಎನ್ನುವಂಥದ್ದು ಅದರಲ್ಲಿ ಏನೂ ಇಲ್ಲ.

ಹೋದ ತಿಂಗಳು, ಮತ್ತೆ ಮಾರ್ಚ್ ಬಂದಾಗ, ಅತ್ತೆಯ ಒತ್ತಾಯಕ್ಕೆ ಮನೆಯಲ್ಲಿ ಮತ್ತೊಂದು ಹೋಮ ಆಯಿತು. ಈ ಸಲ ಮಧು ಫೈರ್ ಸ್ಟೇಷನ್ನಿಗೆ ಮೊದಲೇ ಫೋನ್ ಮಾಡಿ ತಿಳಿಸಿದ. "ನಿಮ್ಮ ಮನೆ ತಾನೆ, ಜೋಪಾನವಾಗಿ ಮಾಡ್ಕೊಳ್ಳಿ" ಎಂದು ಪ್ರೀತಿಯಿಂದಲೇ ಹೇಳಿದರಂತೆ. ಎಲ್ಲ ಸಾಂಗವಾಗಿ ಮುಗಿಯಿತು. ಬಂದವರು ಊಟಕ್ಕೆ ಎದ್ದರು. ನಾನು ಮಾತ್ರ ಕುಂಡದ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತೆ. ಕಿಟಕಿಯಾಚೆ ಹಿತ್ತಲಿನ ಮೇಪಲ್ ಮರದ ಮುರಿದ ಕೊಂಬೆಯೊಂದರಿಂದ ರಸ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತಿತ್ತು. ಕೆಳಗೆ ಒಂದು ಪಾತ್ರೆ ಇಡಬಹುದಿತ್ತು. ಇಡಲು ನನಗೆ ಕೈ ಬರಲಿಲ್ಲ.