ನಿನ್ನ ಸ್ಟಾಪ್ ಬರುವ ತನಕ ಇಳಿಯಬೇಡ

ಲಿಫ್ಟ್ ಇನ್ಸ್‌ಪೆಕ್ಟರನಿಗೆ ಮೊದಲಿನಿಂದಲೂ ಹೆದರಿಕೆ ಜಾಸ್ತಿ. ಹೆದರುವವನೇ ಈ ಕೆಲಸಕ್ಕೆ ಲಾಯಕ್ಕು ಎಂದು ಅವನ ಮೇಲಧಿಕಾರಿ ಮೊದಲ ದಿನವೇ ಹೇಳಿದ್ದರು. ಹಗ್ಗ ಹೊಸದಾಗಿ ಹೊಳೆಯುತ್ತಿದೆ ಎಂದು ಅವನು ಯಾವತ್ತೂ ಸಹಿ ಹಾಕಿದವನಲ್ಲ. ಮೊದಲು ಲಿಫ್ಟನ್ನು ಖಾಲಿ ಓಡಿಸುತ್ತಿದ್ದ. ಆಮೇಲೆ ಕಬ್ಬಿಣದ ಗಟ್ಟಿಗಳನ್ನು ಪೇರಿಸಿ ಪೂರ್ತಿ ಭಾರ. ಆಮೇಲೆ ಅದರ ಮೇಲೆ ಇನ್ನೂ ಕಾಲು ಪಾಲು. ಕೊನೆಗೆ ಅದು ಮಿತಿ ಮೀರಿ ವೇಗವಾಗಿ ಇಳಿಯುವಂತೆ ಬಿಟ್ಟು, ತಳದಲ್ಲಿರುವ ತುರ್ತು ಬ್ರೇಕಿನ ಹಿಡಿಕೆಗಳು ಪಕ್ಕದ ಕಂಬಿಯನ್ನು ಕಚ್ಚಿಕೊಳ್ಳುತ್ತವೆಯೋ ಇಲ್ಲವೋ ಎಂದು ನೋಡುತ್ತಿದ್ದ. ಅವು ಕಚ್ಚುವಾಗ ಏಳುವ ಕಿರ್ರೆನ್ನುವ ಸದ್ದಿಗೆ ಹದಿನಾರು ವರ್ಷವಾದರೂ ಅವನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ಅಂಥವನು ಹತ್ತು ವರ್ಷದ ಮಗಳನ್ನು ಒಬ್ಬಳೇ ಸಿಟಿ ಬಸ್ಸಿನಲ್ಲಿ ಸ್ಕೂಲಿಂದ ಮನೆಗೆ ಬರಲು ಬಿಟ್ಟಾಗ ಅವನಿದ್ದ ಹದಿನಾಲ್ಕು ಮಹಡಿಯ ಕಟ್ಟಡ ಬಾಯಿ ಮೇಲೆ ಕೈ ಇಟ್ಟುಕೊಂಡಿತು.

ಆ ಕಟ್ಟಡದಲ್ಲಿ ಮನೆ ಕೊಂಡಿದ್ದು ಹೆಂಡತಿಯ ದುಡಿಮೆಯಿಂದ. ಅವಳು ಕಣ್ಣಿನ ಡಾಕ್ಟರು, ಒಳ್ಳೆಯ ಕೈಗುಣದವಳು ಎಂದು ಹೆಸರಿತ್ತು. ಅಲ್ಲಿನ ಮಕ್ಕಳಿಗೆ ನೆಲ ಮುಟ್ಟುವ ಪ್ರಸಂಗವೇ ಕಡಿಮೆ. ಲಿಫ್ಟಿನಿಂದ ನೇರ ಕಾರು, ಕಾರಿನಿಂದ ಕ್ಲಾಸು, ಅಲ್ಲಿಂದ ಇನ್ನೊಂದು ಕ್ಲಾಸು. ಪ್ರತಿ ಮಗುವಿನ ಮಣಿಕಟ್ಟಿನಲ್ಲೂ ಒಂದು ವಾಚು, ಮಗು ಎಲ್ಲಿದೆ ಎಂದು ತಾಯಿಯ ಫೋನಿನಲ್ಲಿ ನೀಲಿ ಚುಕ್ಕೆಯಾಗಿ ತೋರಿಸುವಂಥದ್ದು. ಇವನ ಮಗಳ ಕೈ ಮಾತ್ರ ಖಾಲಿ. ಮನೆಯಲ್ಲಿ ಅವಳನ್ನು ಕರೆಯುವುದು ಚೂಟಿ ಎಂದು.

"ಏನಿವ್ರೇ, ನಮ್ಮ ಕಾರಲ್ಲಿ ಒಂದು ಸೀಟು ಖಾಲಿನೇ ಇರುತ್ತಲ್ಲ" ಎಂದು ಹನ್ನೆರಡನೇ ಮಹಡಿಯ ಮೇಡಂ ಒಮ್ಮೆ ಲಿಫ್ಟಿನಲ್ಲೇ ಹಿಡಿದು ನಿಲ್ಲಿಸಿದ್ದರು. ಮಕ್ಕಳ ಕಾರುಗಳ ಏರ್ಪಾಟನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಅವರೇ. "ಡಾಕ್ಟರ್ ಮಗಳು ಬಸ್ಸಲ್ಲಿ ಜೋತಾಡ್ಕೊಂಡು ಬರೋದು ನೋಡೋಕಾಗಲ್ಲ."

"ಜೋತಾಡಲ್ಲ ಮೇಡಂ, ಸೀಟ್ ಸಿಗುತ್ತೆ."

"ನೀವು ಹಳ್ಳೀಲಿ ನಡ್ಕೊಂಡು ಹೋಗಿರಬಹುದು. ಆ ಕಾಲವೇ ಬೇರೆ."

ಅವನು ನಿಜಕ್ಕೂ ನಡೆದುಕೊಂಡೇ ಹೋದವನು. ಐದು ಕಿಲೋಮೀಟರು, ಹೊಲದ ಬದುಗಳ ಮೇಲೆ, ಒಬ್ಬನೇ. ಆ ದಾರಿಯಲ್ಲಿ ನಾಯಿಗೆ ಹೆದರಿದ್ದ, ಗುಡುಗಿಗೆ ಹೆದರಿದ್ದ, ಒಮ್ಮೆ ಸುಮ್ಮನೆ ಎದುರಿಗೆ ಬರುತ್ತಿದ್ದ ಮುದುಕನಿಗೂ ಹೆದರಿ ಬಣವೆಯ ಹಿಂದೆ ಕೂತಿದ್ದ. ಆದರೆ ಊರಾಚೆ ಇದ್ದ ಕಾಲೇಜಿಗೆ, ಅಲ್ಲಿಂದ ಈ ನಗರಕ್ಕೆ ಬಂದಾಗ ಅವನ ಜೊತೆಗಿದ್ದದ್ದು ಆ ದಾರಿಯೊಂದೇ. ಮನೆತನದಲ್ಲಿ ಪದವಿ ಪಡೆದ ಮೊದಲಿಗನಿಗೆ ಕೇಳಿ ತಿಳಿಯಲು ಮನೆಯಲ್ಲಿ ಯಾರೂ ಇರಲಿಲ್ಲ. ಮಗಳಿಗೂ ಅಂಥದೊಂದು ದಾರಿ ಇರಲಿ ಎಂದು ಅವನ ಆಸೆ. ಇದನ್ನು ಲಿಫ್ಟಿನಲ್ಲಿ ನಿಂತು ಹನ್ನೆರಡು ಮಹಡಿ ಏರುವಷ್ಟರಲ್ಲಿ ಹೇಳಿ ಮುಗಿಸುವುದು ಹೇಗೆ?

ಬಿಟ್ಟದ್ದೂ ಹಾಗೇ ಬಿಟ್ಟಿರಲಿಲ್ಲ. ಹತ್ತು ದಿನ ಮಗಳ ಪಕ್ಕದಲ್ಲಿ ಕೂತು ಬಂದ. ಇನ್ನು ಹತ್ತು ದಿನ ಅಪರಿಚಿತನಂತೆ ಹಿಂದಿನ ಸೀಟಿನಲ್ಲಿ. ಮತ್ತೆ ಹತ್ತು ದಿನ ಬಸ್ಸಿನ ಹಿಂದೆ ಸ್ಕೂಟರಿನಲ್ಲಿ, ಹೊಗೆ ಕುಡಿಯುತ್ತ. ಅವನು ಕಟ್ಟಳೆಗಳನ್ನೂ ಬಾಯಿಪಾಠ ಮಾಡಿಸಿದ್ದ. ಮೊದಲನೆಯದು, ನಿನ್ನ ಸ್ಟಾಪ್ ಬರುವ ತನಕ ಇಳಿಯಬೇಡ, ಯಾರು ಹೇಳಿದರೂ. "ಲಿಫ್ಟ್ ಎರಡು ಮಹಡಿ ನಡುವೆ ಕೆಟ್ಟು ನಿಂತಾಗ ಪೆಟ್ಟು ಮಾಡ್ಕೊಳ್ಳೋರು ಹೊರಗೆ ಹಾರಿದೋರು ಚೂಟಿ, ಒಳಗೆ ಕೂತೋರಲ್ಲ." ಎರಡನೆಯದು, ಅಪ್ಪನ ನಂಬರಿರುವ ಚೀಟಿಯನ್ನು ಯೂನಿಫಾರ್ಮ್ ಹಾಕಿದವರಿಗೆ ಬಿಟ್ಟು ಬೇರೆ ಯಾರಿಗೂ ತೋರಿಸಬೇಡ.

ಹೆಂಡತಿ ಒಪ್ಪಿದ್ದು ಒಂದು ಷರತ್ತಿನ ಮೇಲೆ. "ಒಂದೇ ಒಂದು ದಿನ ಇಪ್ಪತ್ತು ನಿಮಿಷ ಲೇಟಾದ್ರೂ ಸರಿ, ಮಾರನೇ ದಿನವೇ ಕೈಗೆ ವಾಚು, ಕೂರೋದು ಮೇಡಂ ಕಾರಲ್ಲಿ. ಆಮೇಲೆ ನನ್ನ ಹತ್ರ ವಾದ ಮಾಡಬಾರದು ರೀ."

"ಇಲ್ಲ. ಮಾತು ಕೊಟ್ಟೆ."

ದಿನವೂ ನಾಲ್ಕೂ ಹತ್ತಕ್ಕೆ ಗೇಟಿನ ಸೆಕ್ಯುರಿಟಿ ತಾತ ಫೋನ್ ಮಾಡಿ "ಬಂದ್ಳು ಸಾರ್" ಎನ್ನುತ್ತಿದ್ದ. ಎರಡೇ ಶಬ್ದ. ಅಲ್ಲಿಯ ತನಕ ಇನ್ಸ್‌ಪೆಕ್ಟರನ ಉಸಿರು ಅರ್ಧದಲ್ಲೇ ನಿಂತಿರುತ್ತಿತ್ತು. ಹೀಗೆ ಏಳು ವಾರ ಕಳೆದವು.

ಎಂಟನೇ ವಾರದ ಬುಧವಾರ ಅವನು ಒಂದು ಕಚೇರಿ ಕಟ್ಟಡದ ಲಿಫ್ಟ್ ಗುಂಡಿಯೊಳಗಿದ್ದ. ಗುಂಡಿಗೆ ಇಳಿಯುವಾಗ ಫೋನನ್ನು ಹೊರಗಿನ ಪೆಟ್ಟಿಗೆಯಲ್ಲಿ ಇಡಬೇಕೆಂಬುದು ಇಲಾಖೆಯ ಕಟ್ಟಳೆ. ಮೇಲೆ ಬಂದು ಕೈಯ ಗ್ರೀಸ್ ಒರೆಸಿಕೊಂಡು ಫೋನ್ ತೆಗೆದಾಗ ನಾಲ್ಕೂವರೆ. ಗೊತ್ತಿಲ್ಲದ ಒಂದು ನಂಬರಿನಿಂದ ಎರಡು ಸಲ ಕರೆ ಬಂದಿತ್ತು, ಮೂರೂ ಐವತ್ತೆಂಟಕ್ಕೆ ಮತ್ತು ನಾಲ್ಕೂ ಎರಡಕ್ಕೆ. ಆಮೇಲೆ ಸೆಕ್ಯುರಿಟಿ ತಾತನದೊಂದು.

ಮೊದಲು ತಾತನಿಗೆ ಮಾಡಿದ.

"ಸಾರ್, ಮಗು ಇನ್ನೂ ಬಂದಿಲ್ಲ. ಸ್ಟಾಪ್ ತನಕ ಹೋಗಿ ನೋಡ್ಕೊಂಡೂ ಬಂದೆ."

ಆ ಗೊತ್ತಿಲ್ಲದ ನಂಬರಿಗೆ ಮಾಡಿದ. ಸ್ವಿಚ್ ಆಫ್. ಮತ್ತೆ ಮಾಡಿದ. ಸ್ವಿಚ್ ಆಫ್. ಎರಡು ಸಲ ಕರೆದು ಆಮೇಲೆ ಫೋನ್ ಆರಿಸುವವರು ಯಾರು? ಯಾತಕ್ಕಾಗಿ? ಪೇಪರಿನಲ್ಲಿ ಓದಿದ್ದೆಲ್ಲ ಒಂದರ ಹಿಂದೊಂದು ಬಂದು ನಿಂತಿತು. ಸ್ಕೂಟರು ಹತ್ತಿ ನೇರ ಸ್ಕೂಲಿಗೆ ಹೋದ.

ಸ್ಕೂಲಿನ ಗೇಟಿನವನು ಖಚಿತವಾಗಿ ಹೇಳಿದ, "ನಲವತ್ತೆರಡು ನಂಬರ್ ಹತ್ತಿದ್ಲು ಸಾರ್. ನನಗೆ ಟಾಟಾ ಮಾಡೇ ಹೋದ್ಲು." ಅಲ್ಲಿಂದ ಬಸ್ಸಿನ ದಾರಿ ಹಿಡಿದು ಬಂದರೆ ನಾಲ್ಕನೇ ಸ್ಟಾಪಿನಾಚೆ ರಸ್ತೆಯೇ ಇಲ್ಲ. ನೀರಿನ ದೊಡ್ಡ ಪೈಪು ಒಡೆದು ಕಾರಂಜಿ ಎದ್ದಿತ್ತು, ಅಡ್ಡಕ್ಕೆ ಕಬ್ಬಿಣದ ಬೇಲಿ ಇಟ್ಟಿದ್ದರು. ಮಧ್ಯಾಹ್ನ ಮೂರರಿಂದ ಬಸ್ಸುಗಳೆಲ್ಲ ಗೋದಾಮುಗಳ ರಸ್ತೆಯಲ್ಲಿ ಸುತ್ತಿ ಹೋಗುತ್ತಿವೆ ಎಂದು ಬೇಲಿಯ ಬಳಿ ನಿಂತಿದ್ದ ಪೊಲೀಸಿನವನು ಹೇಳಿದ. ಅಂದರೆ ಚೂಟಿಯ ಸ್ಟಾಪಿಗೆ ಇವತ್ತು ಬಸ್ಸೇ ಹೋಗಿಲ್ಲ. ಎಲ್ಲೋ ಇಳಿದಿದ್ದಾಳೆ, ದಾರಿ ತಪ್ಪಿದೆ.

ಗೋದಾಮುಗಳ ರಸ್ತೆಯಲ್ಲಿ ಉದ್ದುದ್ದ ಗೋಡೆಗಳು, ಮುಚ್ಚಿದ ಶಟರುಗಳು, ಸಾಲಾಗಿ ನಿಂತ ಲಾರಿಗಳು. ಅವನು ಒಂದೊಂದು ಲಾರಿಯ ಕೆಳಗೂ ಬಗ್ಗಿ ನೋಡಿದ. ಯಾಕೆ ಕೆಳಗೆ ನೋಡುತ್ತಿದ್ದೇನೆ ಎಂದು ಹೊಳೆದಾಗ ತಟ್ಟನೆ ಎದ್ದು ನಿಂತ. "ಹಳದಿ ಬ್ಯಾಗು, ಎರಡು ಜಡೆ, ಇಷ್ಟೆತ್ತರ" ಎಂದು ಕಂಡಕಂಡವರ ಮುಂದೆ ಕೈ ಎತ್ತಿ ತೋರಿಸಿದ. ಯಾರೂ ನೋಡಿರಲಿಲ್ಲ. ಅವನು ಬೇಲಿಯ ಹತ್ತಿರ ವಾಪಸ್ಸು ಬಂದಾಗ ಪೊಲೀಸಿನವನು ವಾಕಿಟಾಕಿಯಲ್ಲಿ ಮಗುವಿನ ಗುರುತು ಹೇಳಿದ.

ಜೇಬಿನಲ್ಲಿ ಫೋನು ಗುರುಗುಟ್ಟುತ್ತಲೇ ಇತ್ತು. ಸುದ್ದಿ ತಾತನಿಂದ ಕಟ್ಟಡದ ವಾಟ್ಸಾಪ್ ಗ್ರೂಪಿಗೆ ಹೋಗಿತ್ತು. ಒಬ್ಬರು ಕೈ ಮುಗಿದ ಚಿತ್ರ ಹಾಕಿದ್ದರು. ಇನ್ನೊಬ್ಬರು, 'ಒಂದು ವಾಚು ಹಾಕಿದ್ದರೆ ಇಷ್ಟೊತ್ತಿಗೆ ಸಿಗುತ್ತಿದ್ದಳು.' ಅದು ಸುಳ್ಳಲ್ಲ ಎಂದು ಅವನಿಗೂ ಗೊತ್ತಿತ್ತು.

ಅವನ ಫೋನ್ ಬಂದ ಕೂಡಲೇ ಹೊರಟಿದ್ದ ಹೆಂಡತಿ ಕಾರು ನಿಲ್ಲಿಸಿ ಬಾಗಿಲು ಮುಚ್ಚದೆ ಓಡಿ ಬಂದಳು. ಕ್ಲಿನಿಕ್ಕಿನ ಬಿಳಿ ಕೋಟು ಮೈಮೇಲೇ ಇತ್ತು. ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಬೈಯಲಿಲ್ಲ.

"ನೀವೇ ಅಲ್ವಾ ಅವಳಿಗೆ ಎಲ್ಲ ಕಲಿಸಿದ್ದು? ಹೇಳ್ರೀ, ಅವಳು ಏನು ಮಾಡಿರ್ತಾಳೆ? ನಿಮ್ಮ ಮಗಳು ನೀವು ಹೇಳಿದ್ದು ಬಿಟ್ಟು ಬೇರೆ ಮಾಡ್ತಾಳಾ?"

ಅವನು ತಾನು ಬಾಯಿಪಾಠ ಮಾಡಿಸಿದ್ದನ್ನೇ ಹೇಳಿಕೊಂಡ. ನಿನ್ನ ಸ್ಟಾಪ್ ಬರುವ ತನಕ ಇಳಿಯಬೇಡ. ಸ್ಟಾಪ್ ಬಂದಿಲ್ಲ.

"ಇಳಿದೇ ಇಲ್ಲ ಕಣೇ" ಎಂದ. ಧ್ವನಿ ಅವನದೇ ಎಂದು ಅನ್ನಿಸಲಿಲ್ಲ. "ಬಸ್ಸಲ್ಲೇ ಇದ್ದಾಳೆ. ಇಳಿದೇ ಇಲ್ಲ."

ಇಬ್ಬರೂ ನಾಲ್ಕನೇ ಸ್ಟಾಪಿನ ತಿರುವಿನಲ್ಲಿ ನಿಂತರು. ನಲವತ್ತೆರಡು ಬಂದಾಗಲೆಲ್ಲ ಅವನು ರಸ್ತೆಗೆ ಅಡ್ಡ ಹೋಗಿ ಕೈ ಚಾಚುತ್ತಿದ್ದ. ಮೊದಲನೆಯದರಲ್ಲಿ ಇಲ್ಲ. ಎರಡನೆಯದರ ಡ್ರೈವರು ಕಿಟಕಿಯಿಂದ ತಲೆ ಹಾಕಿ ಬೈದ, ಅದರಲ್ಲೂ ಇಲ್ಲ. ನಡುವೆ ಹದಿನಾಲ್ಕು ನಿಮಿಷ ಒಂದೂ ಬರಲಿಲ್ಲ. ಇಳಿಯದೆ ಇದ್ದರೂ ಯಾರಾದರೂ ಇಳಿಸಿಕೊಂಡು ಹೋಗಿದ್ದರೆ? ಆ ನಂಬರು ಯಾರದು? ಅದನ್ನು ಅವನು ಹೆಂಡತಿಗೆ ಇನ್ನೂ ಹೇಳಿರಲಿಲ್ಲ.

ಮೂರನೆಯದು ಬಂದಾಗ ಐದೂ ಮುಕ್ಕಾಲು. ಡ್ರೈವರ್ ಹಿಂದಿನ ಕಿಟಕಿ ಸೀಟಿನಲ್ಲಿ ಹಳದಿ ಬ್ಯಾಗನ್ನು ತೊಡೆಯ ಮೇಲೆ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಮುಂದಿನ ಕಂಬಿ ಹಿಡಿದು ಚೂಟಿ ಕೂತಿದ್ದಳು.

ಅವನು ಮೆಟ್ಟಿಲು ಹತ್ತುತ್ತಿದ್ದಂತೆ ಕಂಡಕ್ಟರ್ ಹೆಂಗಸು ಅಡ್ಡ ಕೈ ಹಿಡಿದಳು. "ನಿಲ್ಲಿ ಸ್ವಾಮಿ. ಮಗೂ, ಇವರು ಯಾರಮ್ಮಾ?"

"ನಮ್ಮಪ್ಪ."

ಆಗ ಕೈ ಕೆಳಗಿಳಿಯಿತು, ಬಾಯಿ ಬಿಚ್ಚಿತು. "ಎಂಥಾ ಮಗಳ್ರೀ ನಿಮ್ದು! ನಿನ್ನ ಸ್ಟಾಪ್‌ಗೆ ಹೋಗಲ್ಲ ಇಳಿ ಅಂದೆ, ಇಳಿಯಲ್ಲ. ಮೂರು ಟ್ರಿಪ್ ಹೋದ್ವಿ, ಬಂದ್ವಿ. ಚೀಟಿ ಕೊಟ್ಳು, ಎರಡು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಅಷ್ಟೊತ್ತಿಗೆ ನನ್ನ ಫೋನ್ ಸತ್ತೋಯ್ತು. ಪ್ಯಾಸೆಂಜರ್ ಯಾರಾದ್ರೂ ಮಾಡ್ತಾರೆ ಅಂದ್ರೆ ಚೀಟೀನ ಮುಷ್ಟಿಯಲ್ಲಿ ಹಿಡ್ಕೊಂಡು ಕೂತಳು. ಯೂನಿಫಾರ್ಮ್ ಇರೋರಿಗೆ ಮಾತ್ರ ಅಂತೆ! ಡ್ರೈವರ್‌ಗೆ ಕೊಡೋಣ ಅಂದ್ರೆ ಅವರ ಫೋನು ಡಿಪೋದಲ್ಲಿ, ಡ್ಯೂಟಿ ಮೇಲೆ ಇಟ್ಕೊಳ್ಳೋ ಹಾಗಿಲ್ಲ. ಈ ಟ್ರಿಪ್ ಮುಗಿಸಿ ಡಿಪೋ ಸಾಹೇಬ್ರಿಗೆ ಒಪ್ಪಿಸೋಣ ಅಂತಿದ್ದೆ. ನನಗೂ ಮಕ್ಕಳಿದ್ದಾರೆ ಸ್ವಾಮಿ, ಪ್ರಾಣ ಹೋಗಿತ್ತು."

ಅವನು ಕೈ ಮುಗಿದ.

"ಬಾ ಚೂಟಿ, ಇಳಿಯೋಣ."

ಅವಳು ಅಲುಗಲಿಲ್ಲ. "ಅಪ್ಪಾ, ಸ್ಟಾಪ್ ಬರಲೇ ಇಲ್ಲ" ಎಂದಳು. ಆಮೇಲೆ ಅವನ ಕಿವಿಯ ಹತ್ತಿರ, "ನನ್ನ ಸ್ಕರ್ಟು ಒದ್ದೆ ಆಗಿದೆ. ಇಳಿಬೇಡ ಅಂದಿದ್ಯಲ್ಲ."

ಅವನ ಹಿಂದೆಯೇ ಬಸ್ಸು ಹತ್ತಿದ್ದ ಹೆಂಡತಿ ಬಿಳಿ ಕೋಟು ಬಿಚ್ಚಿ ಮಗಳ ಸೊಂಟಕ್ಕೆ ಸುತ್ತಿದಳು. ಅದು ಅವಳ ಪಾದದವರೆಗೂ ಬಂತು. ಹಾಗೇ ಎತ್ತಿಕೊಂಡು ಇಳಿದರು.

ಮರುದಿನ ಬೆಳಿಗ್ಗೆ ಹನ್ನೆರಡನೇ ಮಹಡಿಯ ಮೇಡಂ ತಾವೇ ಬಂದರು. ನಿನ್ನೆ ಅವರೂ ಡ್ರೈವರನ್ನು ಕಟ್ಟಿಕೊಂಡು ಒಂದು ಗಂಟೆ ಬೀದಿ ಬೀದಿ ಹುಡುಕಿದ್ದರಂತೆ. ಕೈಯಲ್ಲಿ ಗುಲಾಬಿ ಬಣ್ಣದ ಹೊಸ ವಾಚಿನ ಡಬ್ಬಿ. "ಬೇಜಾರು ಮಾಡ್ಕೋಬೇಡಿ" ಎಂದು ಅದನ್ನು ಮೇಜಿನ ಮೇಲಿಟ್ಟು, ಕಾಫಿಗೂ ನಿಲ್ಲದೆ ಹೋದರು.

ಕೊಟ್ಟ ಮಾತಿತ್ತು. ಅವನೇ ಡಬ್ಬಿ ಬಿಚ್ಚಿದ. "ಚೂಟಿ, ಕೈ ಕೊಡು."

ಮಗಳು ಕೈ ಚಾಚಿದಳು. ಯಾಕೆ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಬಸ್ಸಿನ ಕಂಬಿ ಹಿಡಿದು ಕೂತಂತೆಯೇ ಈಗಲೂ, ಹೇಳಿದ್ದಕ್ಕೆ ಕೈ ಚಾಚಿ ನಿಂತಿದ್ದಳು. ಆ ಸಣ್ಣ ಮಣಿಕಟ್ಟನ್ನು ನೋಡುತ್ತ ಅವನಿಗೆ ನಿನ್ನೆ ಲಾರಿಗಳ ಕೆಳಗೆ ಬಗ್ಗಿದಾಗ ಆಗದಷ್ಟು ಹೆದರಿಕೆಯಾಯಿತು. ಯಾರು ಏನು ಹೇಳಿದರೂ ಇವಳು ಹೀಗೇ ಕೈ ಚಾಚಿದರೆ? ಅವನು ಮಗಳಿಗೆ ದಾರಿ ಕೊಟ್ಟಿರಲಿಲ್ಲ. ತನ್ನ ಕಟ್ಟಳೆಗಳ ಪೆಟ್ಟಿಗೆಯಲ್ಲಿ ಕೂರಿಸಿ ದಾರಿಯ ಮೇಲೆ ಬಿಟ್ಟಿದ್ದ.

"ನಿನಗೆ ಬೇಕಾ ಇದು?" ಎಂದು ಕೇಳಿದ.

ಚೂಟಿ ಅಮ್ಮನ ಮುಖ ನೋಡಿದಳು.

"ಗೊತ್ತಿಲ್ಲ" ಎಂದಳು. ಆಮೇಲೆ, "ಸ್ಟಾಪ್ ಬರದೇ ಇದ್ರೆ ಏನು ಮಾಡ್ಬೇಕು ಅಂತ ನೀನು ಹೇಳ್ಲೇ ಇಲ್ಲ."

"ಹೂಂ. ನನಗೆ ಹೊಳೀಲೇ ಇಲ್ಲ. ತಪ್ಪು ನಂದು."

ಅಪ್ಪ ತಪ್ಪು ಒಪ್ಪಿಕೊಂಡದ್ದನ್ನು ಅವಳು ಕಣ್ಣರಳಿಸಿ ಕೇಳಿಸಿಕೊಂಡಳು. "ಹಾಗಾದ್ರೆ ಇನ್ನೊಂದು ಹತ್ತು ದಿನ ಹಿಂದಿನ ಸೀಟಲ್ಲಿ ಕೂತ್ಕೋ. ಆದ್ರೆ ಏನೂ ಹೇಳ್ಕೊಡಬಾರ್ದು. ಅಲ್ಲಾಡಲೂ ಬಾರ್ದು. ವಾಚು ಬೇಕಾ ಬೇಡ್ವಾ ಅಂತ ಆಮೇಲೆ ಹೇಳ್ತೀನಿ."

ಅವನು ಹೆಂಡತಿಯ ಕಡೆ ತಿರುಗಿದ. ಮಾತು ಕೊಟ್ಟದ್ದು ಅವಳಿಗೆ. ಅವಳು ವಾಚನ್ನು ಡಬ್ಬಿಗೆ ಹಾಕಿ ಬೀರುವಿನಲ್ಲಿಟ್ಟಳು. "ಹತ್ತೇ ದಿನ ರೀ. ಬೀಗ ಹಾಕ್ತಿಲ್ಲ, ನೋಡ್ಕೊಳ್ಳಿ. ಚೂಟಿ, ಅವಸರ ಆದಾಗ ಕಂಡಕ್ಟರ್‌ಗೆ ಹೇಳಿ ಬಸ್ ನಿಲ್ಲಿಸೋಕೆ ನಾಚಬಾರದು. ಇದು ನನ್ನ ಮಾತು."

ಆರನೇ ದಿನ ಚೂಟಿಯ ಸ್ಟಾಪಿಗೆ ಒಂದು ಸ್ಟಾಪು ಮೊದಲು ಬಸ್ಸು ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಿತು. ಐದು ನಿಮಿಷ, ಎಂಟು ನಿಮಿಷ. ಅವಳು ಎದ್ದು ಕಂಡಕ್ಟರನನ್ನು ಏನೋ ಕೇಳಿದಳು, ಕಿಟಕಿಯಿಂದ ಬಗ್ಗಿ ಮುಂದೆ ನೋಡಿದಳು, ಬ್ಯಾಗು ಏರಿಸಿಕೊಂಡಳು. ಇಳಿದೇಬಿಟ್ಟಳು. ಹಿಂದಿರುಗಿ ನೋಡಲಿಲ್ಲ.

ಹಿಂದಿನ ಸೀಟಿನಲ್ಲಿದ್ದವನು ಏಳಲು ಹೋಗಿ ಮತ್ತೆ ಕೂತ. ಎರಡೂ ಕೈಯಲ್ಲಿ ಕಂಬಿ ಹಿಡಿದ. ಏಳುವ ಹಾಗಿಲ್ಲ, ಒಪ್ಪಂದ. ಹಳದಿ ಬ್ಯಾಗು ಜನರ ನಡುವೆ ಒಮ್ಮೆ ಕಂಡಿತು, ಒಂದು ಬಂಡಿಯ ಹಿಂದೆ ಮತ್ತೊಮ್ಮೆ, ಆಮೇಲೆ ಇಲ್ಲ. ಬಸ್ಸು ಹಂದಾಡಲಿಲ್ಲ. ಪಕ್ಕದಲ್ಲಿದ್ದವರು "ಹುಷಾರಿಲ್ವಾ?" ಎಂದು ಕೇಳಿದರು. ಅವನು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಎಷ್ಟು ಹೊತ್ತಾಯಿತೋ, ಬಸ್ಸು ಕೊನೆಗೂ ತೆವಳಿತು.

ಸ್ಟಾಪಿನ ಕಲ್ಲುಬೆಂಚಿನ ಮೇಲೆ ಚೂಟಿ ಕಾಲು ಆಡಿಸುತ್ತ ಕೂತಿದ್ದಳು. ಅವನು ಇಳಿದದ್ದನ್ನು ಕಂಡು ಎದ್ದು ನಿಂತಳು.

"ಯಾಕಪ್ಪಾ ಇಷ್ಟು ಲೇಟು?"

ಅವನು ಎರಡೂ ಕೈಗಳನ್ನು ಜೇಬಿನೊಳಗೆ ತುರುಕಿಕೊಂಡು, ಅವಳ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆದ.