ಬೈಯುವ ರಿಕಾರ್ಡುಗಳು

ಮಸ್ಕಿಯ ನಮ್ಮ ಓಣಿಯಲ್ಲಿ ಮೈಕ್ ಸೆಟ್ ಇಟ್ಟಿದ್ದ ಕರಿಬಸಯ್ಯನವರಷ್ಟು ಮೆತ್ತಗಿನ ಮನುಷ್ಯನನ್ನು ನಾನು ಕಂಡಿಲ್ಲ. ಕರೆಂಟು ಹೋದರೂ ಮದುವೆ ಮನೆಯವರು ಅವರನ್ನೇ ಬೈಯುವರು, ಮಳೆ ಬಂದರೂ ಅವರನ್ನೇ. "ಹೌದ್ರಿ, ನಂದ ತಪ್ಪರಿ" ಎಂದು ವೈರು ಸುತ್ತಿಕೊಂಡು ಬರುವರು. ನೋಡಿ ನನಗೇ ಮೈ ಉರಿಯುತ್ತಿತ್ತು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುವುದು ಸುಳ್ಳಲ್ಲ.

ಎಂಬತ್ತನಾಲ್ಕರಲ್ಲಿ ಮೈಕಿನ ಸಾಮಾನು ತರಲು ಹೈದರಾಬಾದಿಗೆ ಹೋದವರು, ಅಲ್ಲಿನ ಹಳೆ ಸಾಮಾನಿನ ಸಂತೆಯಿಂದ ಐದು ವಿಲಾಯತಿ ರಿಕಾರ್ಡು ತಂದರು. ಕವರಿನ ಮೇಲೆ ಹುಂಜದ ಜುಟ್ಟಿನಂತೆ ಕೂದಲು ನಿಲ್ಲಿಸಿ, ಕಿವಿಗೆ ಪಿನ್ನು ಚುಚ್ಚಿಕೊಂಡ ಹುಡುಗರು. ರಿಕಾರ್ಡಿನ ಮೇಲೆ ಮುಳ್ಳು ಇಟ್ಟರೆ ಒಂದೇ ಸಮನೆ ಕೂಗಾಟ, ಡ್ರಮ್ಮಿನ ಬಡಿತ. ಅದಕ್ಕೆ ಪಂಕ್ ರಾಕ್ ಅನ್ನುತ್ತಾರೆಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಆಗ ರಿಕಾರ್ಡೇ ಕೆಟ್ಟಿದೆ ಎಂದುಕೊಂಡಿದ್ದೆ.

"ಇವು ಯಾತರ ಹಾಡ್ರಿ ಅಯ್ಯಾರ? ನಾಯಿ ಜಗಳಾಡಿದಂಗ ಐತಿ" ಅಂದೆ.

"ಯಾರನ್ನೋ ಬೈಯಾಕತ್ತಾರ" ಅಂದರು ಕರಿಬಸಯ್ಯನವರು, ಖುಷಿಯಿಂದ. "ಯಾರನ್ನ ಅಂತ ತಿಳಿಯಂಗಿಲ್ಲ. ತಿಳೀದಿದ್ದದ್ದ ಚಲೋ ಆತು. ಇವತ್ತ ನನ್ನ ಯಾರು ಬೈದಾರ, ಅವರನ್ನ ಇವರು ಬೈತಾರ ಅಂದ್ಕೋತೀನಿ."

ಬಾಡಿಗೆಗೆ ಹೋದಲ್ಲಿ ದೇವರ ಪದ, ಮದುವೆ ಹಾಡು. ಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡರೆ ಈ ಐದು. ಬಳಗಾನೂರಿನ ಸಾಹುಕಾರನೊಬ್ಬ ಮಂದಿಯ ಮುಂದೆ ಅವರ ಕೊರಳಪಟ್ಟಿ ಹಿಡಿದ ದಿನ ಐದನ್ನೂ ಹಾಕಿದರು. ಹೊರಗೆ ಬಂದಾಗ ಅವರ ಮುಖ ಹಗುರಾಗಿತ್ತು.

ಆಮೇಲೆ ಕ್ಯಾಸೆಟ್ಟು ಬಂತು. ಮುಳ್ಳು ಸವೆಯಿತು, ಹೊಸದು ಸಿಗಲಿಲ್ಲ. ರಿಕಾರ್ಡುಗಳು ಟ್ರಂಕು ಸೇರಿದವು. ಮಂದಿಯ ಬೈಗುಳ ಮಾತ್ರ ನಿಲ್ಲಲಿಲ್ಲ. ತೊಂಬತ್ತೆರಡರ ದಸರೆಯ ಹೊತ್ತಿಗೆ ಸಿಂಧನೂರಿನ ರೇಡಿಯೋ ರಿಪೇರಿಯ ಬಾಬುಸಾಬ್ ಎಲ್ಲಿಂದಲೋ ಒಂದು ಮುಳ್ಳು ಹುಡುಕಿಕೊಟ್ಟ. ಕರಿಬಸಯ್ಯನವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಬನ್ನಿ ಕೊಟ್ಟು ಬಂದು ಇವತ್ತ ಹಾಕ್ತೀನಿ. ನೀನೂ ಬಾ. ಬೈಸೋ ಮಂದಿ ಭಾಳ ಉಳಿದಾರ."

ನಮ್ಮ ಕಡೆ ವಿಜಯದಶಮಿಯ ಸಂಜೆ ಮನೆಮನೆಗೂ ಹೋಗಿ, ಬನ್ನಿ ಎಲೆ ಕೊಟ್ಟು ತೆಗೆದುಕೊಂಡು, "ಬಂಗಾರದಂಗ ಇರೋಣು" ಎನ್ನಬೇಕು. ಅವತ್ತು ಯಾರ ಮೇಲೂ ಸಿಟ್ಟು ಇಟ್ಟುಕೊಳ್ಳುವಂತಿಲ್ಲ. ನಾವಿಬ್ಬರೂ ಮೊದಲು ಹೋದದ್ದು ಎದುರು ಮನೆಯ ಬಸವಣ್ಣೆಮ್ಮನ ಹತ್ತಿರ. ಆಕೆ ಒಂದು ಕರಿಯ ಬಟ್ಟಲಲ್ಲಿ ಬನ್ನಿ ತಂದಳು. ಮಿರಮಿರ ಮಿಂಚುವ ಬಟ್ಟಲು, ಅಂಚು ಸೀರೆಯ ನೆರಿಗೆಯಂತೆ. ಕರಿಬಸಯ್ಯನವರು ಒಂದು ಹಿಡಿ ಎಲೆ ತೆಗೆದುಕೊಂಡರು, ತಳ ಕಂಡಿತು. ತಳದಲ್ಲಿ ನಡುವೆ ತೂತಿದ್ದ ದುಂಡನೆಯ ಕಾಗದ, ಅದರ ಮೇಲೆ ಹುಂಜದ ಜುಟ್ಟಿನ ಹುಡುಗ.

"ಚಲೋ ಆಗೈತಲ್ರಿ?" ಅಂದಳು ಬಸವಣ್ಣೆಮ್ಮ. "ನಿಮ್ಮ ಜಂಬಮ್ಮನ ಮಾಡ್ಯಾಳ. ಹಬ್ಬಕ್ಕಂತ ಐದು ಮನಿಗೆ ಕೊಟ್ಟಾಳ."

ಚಪ್ಪಲಿ ಅಲ್ಲೇ ಬಿಟ್ಟು ಕರಿಬಸಯ್ಯನವರು ಮನೆಗೆ ಓಡಿದರು. ನಾನೂ ಹಿಂದೆ ಓಡಿದೆ. ಟ್ರಂಕು ತೆಗೆದರೆ ದೇವರ ಪದದ ರಿಕಾರ್ಡುಗಳೆಲ್ಲ ಇದ್ದಂತೆಯೇ ಇದ್ದವು. ವಿಲಾಯತಿ ಕವರು ಮಾತ್ರ ಐದೂ ಖಾಲಿ.

ಒಳಗಿನಿಂದ ಅವರ ಹೆಂಡತಿ ಜಂಬಮ್ಮ ನಗುತ್ತ ಬಂದಳು.

"ನೋಡಿದ್ರೇನು ಬಟ್ಟಲಾ? ತಂಬಿಗಿ ಬೋರಲು ಇಟ್ಟು, ಅದರ ಮ್ಯಾಲ ರಿಕಾರ್ಡ್ ಇಟ್ಟು, ಒಲಿ ಕಾವಿಗೆ ಹಿಡಿದ್ರ ತಾನ ಬಾಗತೈತಿ. ದೇವರ ಹೆಸರಿದ್ದವು ಒಂದೂ ಬೆಂಕಿ ಹತ್ರ ಒಯ್ದಿಲ್ರಿ, ಪಾಪ ಬರತೈತಿ. ದೇವರಿಲ್ಲದವು ಇವ ಐದು. ನೀವು ಮುಟ್ಟಿನೂ ಎಷ್ಟೋ ವರ್ಷ ಆತಲ್ಲ."

ಪೇಟೆಯ ಪೊಟ್ಟಣದ ಮೇಲೆ ಶಿವನ ಚಿತ್ರವಿದ್ದರೂ ಒಲೆಗೆ ಹಾಕದ ಹೆಂಗಸು ಅವಳು. ಅವಳ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ಆಗ ಅವಳು ಗಂಡನ ಮುಖ ನೋಡಿದಳು. ನಗು ಆರಿಹೋಯಿತು.

"ಯಾಕ್ರಿ? ತಪ್ಪಾತೇನು? ತಪ್ಪಾಗಿದ್ರ ಬೈರಿ ನನ್ನ. ಹಿಂಗ ಸುಮ್ಮ ನಿಂದರಬ್ಯಾಡ್ರಿ!"

ಬೈಯಿರಿ ಅಯ್ಯಾರೇ, ಒಮ್ಮೆಯಾದರೂ ಬಾಯಿ ಬಿಟ್ಟು ಬೈಯಿರಿ ಎಂದು ನಾನೂ ಮನಸ್ಸಿನಲ್ಲೇ ಕೂಗಿದೆ. ಅವರ ಕುತ್ತಿಗೆಯ ನರ ಉಬ್ಬಿತು, ತುಟಿ ಅಲುಗಾಡಿತು.

"ನನಗ ಬೈಯಾಕ ಬರಂಗಿಲ್ಲ ಜಂಬಮ್ಮ. ನನ್ನ ಪರವಾಗಿ ಬೈಯವರು ಐದು ಮಂದಿ ಇದ್ರು. ಅವರನ್ನ ನೀ ಕಾಸಿ ಬಟ್ಟಲಾ ಮಾಡೀದಿ."

ಮುಷ್ಟಿಯಲ್ಲಿ ಹಿಂಡಿಹೋಗಿದ್ದ ಬನ್ನಿ ಎಲೆಯನ್ನು ಅವಳ ಕೈಗಿಟ್ಟು, ಎಂದಿನ ಮೆತ್ತಗಿನ ದನಿಯಲ್ಲೇ "ಬಂಗಾರದಂಗ ಇರೋಣು" ಅಂದರು.